ನೂರು ಎಂಬಿಪಿಎಸ್ ಲೈನಿನಲ್ಲಿ ಹನ್ನೊಂದೇ ಯಾಕೆ ಕಾಣುತ್ತದೆ?

ಮನೆಗೆ ಹೊಸದಾಗಿ ಫೈಬರ್ ಹಾಕಿಸಿಕೊಂಡವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: "ನೂರು ಎಂಬಿ ಅಂದಿದ್ರಲ್ಲ, ಡೌನ್‌ಲೋಡ್‌ಗೆ ಹಾಕಿದ್ರೆ ಹನ್ನೊಂದು ಚಿಲ್ಲರೆ ತೋರಿಸ್ತಿದೆಯಲ್ಲ?" ಲೈನ್ ಎಳೆದುಕೊಟ್ಟ ಹುಡುಗನ ಉತ್ತರವೂ ಸಿದ್ಧವಾಗಿರುತ್ತದೆ: "ಸ್ಪೀಡ್ ಟೆಸ್ಟ್ ಹಾಕಿ ನೋಡಿ ಸಾರ್, ತೊಂಬತ್ನಾಲ್ಕು ಬರುತ್ತೆ." ಹಾಕಿ ನೋಡಿದರೆ ತೊಂಬತ್ನಾಲ್ಕೇ ಬರುತ್ತದೆ. ಕೇಳಿದವರ ಕಣ್ಣಿಗೆ ಕಂಡದ್ದೂ ನಿಜ, ಹುಡುಗ ಹೇಳಿದ್ದೂ ನಿಜ. ಇಬ್ಬರೂ ಬೇರೆ ಬೇರೆ ಅಳತೆಯಲ್ಲಿ ಮಾತಾಡುತ್ತಿದ್ದಾರೆ, ಅಷ್ಟೇ.

ನಮ್ಮಲ್ಲಿ ಇಂಟರ್ನೆಟ್ಟಿನ ವೇಗವನ್ನು ಮಾರುವುದು ಬಿಟ್‌ಗಳಲ್ಲಿ; ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು. ಡೇಟಾವನ್ನು ಮಾರುವುದು ಬೈಟ್‌ಗಳಲ್ಲಿ. ಫೈಲ್ ಇಳಿಯುವಾಗ ಕಂಪ್ಯೂಟರ್ ತೋರಿಸುವುದು ಸೆಕೆಂಡಿಗೆ ಬೈಟ್‌ಗಳಲ್ಲಿ, ಅದೂ ಕೆಲವೊಮ್ಮೆ ಇನ್ನೊಂದು ಬಗೆಯ ಮೆಗಾದಲ್ಲಿ. ಈ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟು ತೋರಿಸುವ ಬಿಲ್ಲನ್ನು ಯಾವ ಕಂಪನಿಯೂ ಕೊಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಲೆಕ್ಕ ಐದನೇ ತರಗತಿಯ ಗುಣಾಕಾರ, ಭಾಗಾಕಾರದಷ್ಟೇ. ಆದರೆ ಅದನ್ನು ಮಾಡದ ಗ್ರಾಹಕನಿಗೆ ತಾನು ಕೊಂಡದ್ದು ತನಗೆ ಸಿಕ್ಕಿತೋ ಇಲ್ಲವೋ ಎಂದು ಪರೀಕ್ಷಿಸುವ ದಾರಿಯೇ ಇರುವುದಿಲ್ಲ. ಹಾಗಾಗಿ ಇದನ್ನು ತಂತ್ರಜ್ಞರ ವಿಷಯ ಎಂದು ಬದಿಗಿಡುವಂತಿಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟುವ ಪ್ರತಿಯೊಬ್ಬರ ವಿಷಯ ಇದು.

ಗೊಂದಲದ ಬೇರು ಒಂದು ಅಕ್ಷರದಲ್ಲಿದೆ. ಇಂಗ್ಲಿಷಿನಲ್ಲಿ ಚಿಕ್ಕ 'ಬಿ' ಬರೆದರೆ ಬಿಟ್, ದೊಡ್ಡ 'ಬಿ' ಬರೆದರೆ ಬೈಟ್. ಒಂದು ಬೈಟ್‌ಗೆ ಎಂಟು ಬಿಟ್. ಮಾತಿನಲ್ಲಿ ಚಿಕ್ಕದು ದೊಡ್ಡದು ಕೇಳಿಸುವುದಿಲ್ಲ, ಕನ್ನಡ ಲಿಪಿಯಲ್ಲಂತೂ ಆ ಭೇದವೇ ಇಲ್ಲ. ಅಂಗಡಿಯ ಬೋರ್ಡಿನಲ್ಲಿ "100 ಎಂಬಿ ಅನ್‌ಲಿಮಿಟೆಡ್" ಎಂದು ಬರೆದಾಗ ಅದು ಮೆಗಾಬಿಟ್ಟೋ ಮೆಗಾಬೈಟೋ ಎಂದು ಓದುಗನಿಗೆ ತಿಳಿಯುವ ಯಾವ ಗುರುತೂ ಅಲ್ಲಿರುವುದಿಲ್ಲ. ಒಂದರ ಜಾಗದಲ್ಲಿ ಇನ್ನೊಂದನ್ನು ಊಹಿಸಿಕೊಂಡರೆ ಎಂಟು ಪಟ್ಟು ವ್ಯತ್ಯಾಸವಾಗುತ್ತದೆ. ಕನ್ನಡದಲ್ಲಿ ಜಾಹೀರಾತು ಬರೆಯುವವರು "ಮೆಗಾಬಿಟ್" ಎಂದೇ ಪೂರ್ತಿ ಬರೆದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ನೂರು ಹನ್ನೊಂದಾಗುವ ದಾರಿ

ಮೊದಲು ಎಂಟರಿಂದ ಭಾಗಿಸೋಣ. 100 ಮೆಗಾಬಿಟ್ ಅಂದರೆ 12.5 ಮೆಗಾಬೈಟ್. ಲೈನಿನ ಮೇಲೆ ಹೋಗುವುದೆಲ್ಲ ನಿಮ್ಮ ಫೈಲೇ ಆಗಿದ್ದರೆ ಡೌನ್‌ಲೋಡ್ ಕಿಟಕಿಯಲ್ಲಿ 12.5 ಕಾಣಬೇಕಿತ್ತು. ಆದರೆ ಫೈಲ್ ಹೊರಡುವುದು ತುಂಡು ತುಂಡಾಗಿ. ಸಾಮಾನ್ಯವಾಗಿ ಒಂದು ತುಂಡಿನ ಗಾತ್ರ ಹೆಚ್ಚೆಂದರೆ 1,500 ಬೈಟ್. ಅದರಲ್ಲಿ ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಷ್ಟನೆಯ ತುಂಡು ಎಂಬ ವಿವರಕ್ಕೇ 40 ಬೈಟ್ ಹೋಗಿ, ಫೈಲಿನ ಪಾಲಿಗೆ ಉಳಿಯುವುದು 1,460. ಇನ್ನು ಕೇಬಲಿನ ಮೇಲೆ ತುಂಡುಗಳನ್ನು ಸಾಗಿಸುವ ಪದ್ಧತಿಯಾದ ಈಥರ್ನೆಟ್ ತನ್ನ ಕಡೆಯಿಂದ ಮುಂದೆ ಹಿಂದೆ ವಿಳಾಸ, ತಪ್ಪು ಹಿಡಿಯುವ ಸಂಖ್ಯೆ, ಎರಡು ತುಂಡುಗಳ ನಡುವಿನ ಅಂತರ ಎಲ್ಲ ಸೇರಿಸಿ ಇನ್ನೂ 38 ಬೈಟ್ ಹಾಕುತ್ತದೆ. ಹೀಗೆ 1,460 ಬೈಟ್ ಸಾಗಿಸಲು ತಂತಿಯ ಮೇಲೆ 1,538 ಬೈಟ್‌ನಷ್ಟು ಹೊತ್ತು ಬೇಕು. ಭಾಗಿಸಿ ನೋಡಿದರೆ ಶೇ. 94.9. ಸ್ಪೀಡ್ ಟೆಸ್ಟಿನಲ್ಲಿ ಬರುವ ತೊಂಬತ್ನಾಲ್ಕರ ಮೂಲ ಇದೇ. ಅಂದರೆ 12.5 ಈಗ 11.87 ಆಯಿತು.

ಮೂರನೆಯ ಕಡಿತ ಬರುವುದು ಕಂಪ್ಯೂಟರಿನಿಂದ. ವಿಂಡೋಸ್‌ನಲ್ಲಿ ಒಂದು ಮೆಗಾಬೈಟ್ ಅಂದರೆ ಹತ್ತು ಲಕ್ಷ ಬೈಟ್ ಅಲ್ಲ, 1,024ನ್ನು 1,024ರಿಂದ ಗುಣಿಸಿದಷ್ಟು, ಅಂದರೆ 10,48,576. ಅದೇ ಹರಿವನ್ನು ಈ ದೊಡ್ಡ ಮೆಗಾಬೈಟಿನಲ್ಲಿ ಅಳೆದರೆ ಬರುವುದು 11.3. ಬಳಕೆದಾರ ನೋಡಿದ "ಹನ್ನೊಂದು ಚಿಲ್ಲರೆ" ಇದು. ಇಲ್ಲಿಯವರೆಗೆ ಕಂಪನಿಯಿಂದ ಒಂದು ಬಿಟ್ಟಿನಷ್ಟೂ ಮೋಸವಾಗಿಲ್ಲ. ಲೆಕ್ಕ ಗೊತ್ತಿದ್ದರೆ ಇದರಿಂದ ಸಿಗುವ ಪ್ರಯೋಜನ ದೊಡ್ಡದು: 100ರ ಪ್ಲಾನ್‌ನಲ್ಲಿ 11.3 ಬಂದರೆ ದೂರು ಕೊಡುವಂಥದ್ದೇನಿಲ್ಲ, 6 ಬಂದರೆ ಫೋನ್ ಮಾಡಿ ಕೇಳಲೇಬೇಕು.

ಇದರ ಜೊತೆಗೆ ನೋಡಿಕೊಳ್ಳಬೇಕಾದ ಇನ್ನೊಂದು ಸಂಗತಿ ಇದೆ. 200 ಅಥವಾ 300 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡು, ಕೇಬಲ್ ಸಿಕ್ಕಿಸಿದ ಕಂಪ್ಯೂಟರಿನಲ್ಲಿ ಎಷ್ಟು ಸಲ ಟೆಸ್ಟ್ ಮಾಡಿದರೂ ಸರಿಯಾಗಿ 94ಕ್ಕೇ ನಿಲ್ಲುತ್ತಿದ್ದರೆ, ಅನುಮಾನ ಪಡಬೇಕಾದದ್ದು ರೌಟರಿನ ಪೋರ್ಟನ್ನು. ಅಗ್ಗದ ರೌಟರುಗಳಲ್ಲಿ ಈಗಲೂ 100 ಮೆಗಾಬಿಟ್ಟಿನ ಪೋರ್ಟೇ ಇರುತ್ತದೆ. ಕೇಬಲಿನ ಒಳಗಿನ ನಾಲ್ಕು ಜೋಡಿ ತಂತಿಗಳಲ್ಲಿ ಎರಡು ಜೋಡಿ ಮಾತ್ರ ಸರಿಯಾಗಿ ಕೂತಿದ್ದರೂ ಇದೇ ಫಲ. ಪ್ಲಾನಿಗೆ ಹೆಚ್ಚು ಕೊಟ್ಟ ದುಡ್ಡು ಆ ಪುಟ್ಟ ಪೋರ್ಟಿನಲ್ಲಿ ಸಿಕ್ಕಿಕೊಂಡಿರುತ್ತದೆ. ವೈಫೈ ರೌಟರಿನ ಡಬ್ಬಿಯ ಮೇಲಿನ "1200" ಎಂಬಂಥ ಸಂಖ್ಯೆಯನ್ನಂತೂ ನೆಚ್ಚಿಕೊಳ್ಳಲೇಬಾರದು. ಅದು ಎರಡು ಬ್ಯಾಂಡುಗಳ ಗರಿಷ್ಠ ವೇಗಗಳನ್ನು, 300 ಮತ್ತು 867, ಕೂಡಿಸಿ ದುಂಡು ಮಾಡಿದ್ದು. ಒಂದು ಫೋನ್ ಸಾಮಾನ್ಯವಾಗಿ ಒಂದು ಬ್ಯಾಂಡಿಗೇ ಅಂಟಿಕೊಂಡಿರುತ್ತದೆ.

ಬಿಟ್ ಯಾಕೆ, ಬೈಟ್ ಯಾಕೆ

ಎರಡು ಅಳತೆ ಇರುವುದು ಗ್ರಾಹಕರನ್ನು ಗೊಂದಲಕ್ಕೆ ಕೆಡವಲೆಂದೇ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ದೊಡ್ಡ ಸಂಖ್ಯೆ ಕಾಣಿಸುವುದು ಮಾರುವವರಿಗೆ ಅನುಕೂಲವೇ, ಆದರೆ ಬಿಟ್ಟಿನ ಲೆಕ್ಕ ಅವರು ಹುಟ್ಟುವ ಮೊದಲೇ ಇತ್ತು. 'ಬಿಟ್' ಎಂಬ ಪದ ಅಚ್ಚಾದದ್ದು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಬರೆದ ಪ್ರಬಂಧದಲ್ಲಿ. ಅದನ್ನು ಸೂಚಿಸಿದವರು ಜಾನ್ ಟ್ಯೂಕಿ ಎಂದು ಶಾನನ್ ಅಲ್ಲೇ ಹೇಳಿದ್ದಾರೆ. 'ಬೈಟ್' ಬಂದದ್ದು 1956ರಲ್ಲಿ, ಐಬಿಎಂನ ವರ್ನರ್ ಬುಕೋಲ್ಟ್ಸ್ ಅವರಿಂದ. ಆಗ ಬೈಟ್‌ಗೆ ಎಂಟೇ ಬಿಟ್ ಎಂಬ ನಿಯಮವಿರಲಿಲ್ಲ. ಆರು ಬಿಟ್ಟಿಗೆ ಒಂದು ಅಕ್ಷರ ಇಡುವ ಯಂತ್ರಗಳು ಸಾಕಷ್ಟಿದ್ದವು. 1964ರಲ್ಲಿ ಐಬಿಎಂ ಸಿಸ್ಟಮ್/360 ಬಂದ ಮೇಲೆ ಎಂಟು ಎಂಬುದು ಗಟ್ಟಿಯಾಯಿತು.

ಕೂಡಿಡುವವರಿಗೆ ಅಕ್ಷರ ಮುಖ್ಯ, ಹಾಗಾಗಿ ಅವರು ಬೈಟ್ ಎಣಿಸಿದರು. ಸಾಗಿಸುವವರಿಗೆ ತಂತಿಯ ಮೇಲೆ ಒಂದರ ಹಿಂದೆ ಒಂದು ಹೋಗುವ ಸೊನ್ನೆ, ಒಂದುಗಳು ಮುಖ್ಯ. ನಾಲ್ಕು ಬಿಟ್ ಸೇರಿ ಅಂಕಿಯಾಗುತ್ತದೋ, ಏಳು ಸೇರಿ ಅಕ್ಷರವಾಗುತ್ತದೋ ಎಂಬುದು ತಂತಿಗೆ ಬೇಕಿಲ್ಲ. ನಮ್ಮ ಎಸ್ಸೆಮ್ಮೆಸ್ ಇದಕ್ಕೆ ಸರಿಯಾದ ಉದಾಹರಣೆ. ಒಂದು ಮೆಸೇಜಿಗೆ ನೆಟ್‌ವರ್ಕ್ ಕೊಡುವ ಜಾಗ 140 ಬೈಟ್, ಅಂದರೆ 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ ಏಳು ಬಿಟ್ ಸಾಕು, ಆದ್ದರಿಂದ 160 ಅಕ್ಷರ ಹಿಡಿಸುತ್ತವೆ. ಕನ್ನಡದಲ್ಲಿ ಬರೆದರೆ ಸಾಮಾನ್ಯವಾಗಿ ಪ್ರತಿ ಚಿಹ್ನೆಗೆ ಹದಿನಾರು ಬಿಟ್ ಹಿಡಿಯುತ್ತದೆ, ಹಾಗಾಗಿ ಎಪ್ಪತ್ತಕ್ಕೇ ಮುಗಿಯುತ್ತದೆ. ಒತ್ತು, ಕೊಂಬು, ದೀರ್ಘ ಎಲ್ಲವೂ ಆ ಎಪ್ಪತ್ತರಲ್ಲೇ ಸೇರಬೇಕು. ಬ್ಯಾಂಕಿನವರು ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಅದು ಎರಡು ಮೂರು ತುಂಡಾಗುವುದಕ್ಕೆ, ಅದರಿಂದ ಖರ್ಚು ಹೆಚ್ಚಾಗುವುದಕ್ಕೆ ಇದೇ ಕಾರಣ. ವೆಬ್ ಪುಟಗಳಲ್ಲಿ ಬಳಸುವ ಯುಟಿಎಫ್-8ರಲ್ಲಿ 'ಕ' ಎಂಬುದಕ್ಕೆ 3 ಬೈಟ್. 'ಕ್ಷ' ಎಂದು ಬರೆದರೆ ಕ, ವಿರಾಮ ಚಿಹ್ನೆ, ಷ, ಮೂರೂ ಸೇರಿ 9 ಬೈಟ್, 72 ಬಿಟ್.

ಟೆಲಿಫೋನಿನವರಿಗೆ ಇನ್ನೊಂದು ಮೂಲ ಸಂಖ್ಯೆ ಇದೆ, 64 ಕೆಬಿಪಿಎಸ್. ಇದರ ಹಿಂದಿನ ಲೆಕ್ಕ ಬಹಳ ಸೊಗಸು. ಫೋನಿನ ಮಾತಿಗೆ 3,400 ಹರ್ಟ್ಸ್‌ವರೆಗಿನ ದನಿ ಸಾಕು. ಸ್ವಲ್ಪ ಅಂಚು ಬಿಟ್ಟು 4,000 ಎಂದಿಟ್ಟುಕೊಂಡರೆ, ಅದರ ಎರಡು ಪಟ್ಟು, ಅಂದರೆ ಸೆಕೆಂಡಿಗೆ 8,000 ಸಲ ದನಿಯ ಮಾದರಿ ತೆಗೆಯಬೇಕು. ಪ್ರತಿ ಮಾದರಿಗೆ 8 ಬಿಟ್. ಗುಣಿಸಿದರೆ 64,000. ಇಲ್ಲಿ ಕಿಲೋ ಅಂದರೆ ಸಾವಿರವೇ, 1,024 ಅಲ್ಲ. ದೂರಸಂಪರ್ಕದ ಲೋಕದಲ್ಲಿ ಕಿಲೋ, ಮೆಗಾ, ಗಿಗಾಗಳಿಗೆ ಯಾವಾಗಲೂ ಸಾವಿರದ ಲೆಕ್ಕ. ಇಂಥ 32 ದಾರಿಗಳನ್ನು ಒಟ್ಟು ಮಾಡಿದರೆ 2.048 ಎಂಬಿಪಿಎಸ್, ಅದೇ ಇ-1. ಟೆಲಿಕಾಂ ಇಲಾಖೆಯ ಹಳೆಯ ನೌಕರರು ಇವತ್ತಿಗೂ "ಟೂ ಎಂಬಿ" ಎಂದು ಕರೆಯುವುದು ಇದನ್ನೇ. ಮೂವತ್ತು ದಾರಿಗಳಲ್ಲಿ ಮಾತು, ಒಂದರಲ್ಲಿ ಜೋಡಣೆಯ ಗುರುತು, ಇನ್ನೊಂದರಲ್ಲಿ ಯಾರು ಯಾರಿಗೆ ಫೋನ್ ಮಾಡಿದರು ಎಂಬ ಸೂಚನೆ. ಅಮೆರಿಕದವರು 24 ದಾರಿ ಕೂಡಿಸಿ 1.544 ಎಂಬಿಪಿಎಸ್ ಮಾಡಿಕೊಂಡರು. ಭಾರತ ಯುರೋಪಿನ ಕ್ರಮ ಹಿಡಿಯಿತು.

ಈ 64ರ ಕಥೆಗೆ ಕರ್ನಾಟಕದ ಒಂದು ಪುಟವೂ ಇದೆ. 1984ರಲ್ಲಿ ಹುಟ್ಟಿದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಹಳ್ಳಿಗಳಿಗೆಂದು ತಯಾರಿಸಿದ 128 ಲೈನಿನ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಎಸಿ ಇಲ್ಲದ ಕೋಣೆಯಲ್ಲಿ, ಧೂಳು ಬಿಸಿಲಿನಲ್ಲಿ ನಡೆಯುವಂತೆ ಕಟ್ಟಿದ ಯಂತ್ರ ಅದು. ಕಿತ್ತೂರಿನವರ ಮಾತು ಆ ಪೆಟ್ಟಿಗೆಯೊಳಗೆ ಸೊನ್ನೆ, ಒಂದುಗಳಾಗಿ ಸಾಗಿತು. ಆಮೇಲೆ ಬಂದ ಫೈಬರ್ ಜಾಲವೂ ಅದೇ ಅಡಿಪಾಯದ ಮೇಲೆ ಎದ್ದದ್ದು. ಆ ಜಾಲದ ವೇಗದ ಮೊದಲ ಮೆಟ್ಟಿಲಾದ ಎಸ್‌ಟಿಎಂ-1 ಅಂದರೆ 155.52 ಎಂಬಿಪಿಎಸ್, ಅಂದರೆ 64 ಕೆಬಿಪಿಎಸ್‌ನ 2,430 ಪಟ್ಟು. ಅದರ ಹದಿನಾರು ಪಟ್ಟು 2,488.32 ಎಂಬಿಪಿಎಸ್. ಇವತ್ತು ಬೀದಿಯ ಕಂಬದ ಮೇಲಿನ ಪೆಟ್ಟಿಗೆಯಿಂದ ಮನೆ ಮನೆಗೆ ಬರುವ ಜಿ-ಪಾನ್ ಎಂಬ ಬಗೆಯ ಫೈಬರಿನ ಇಳಿಮುಖ (ಡೌನ್‌ಲೋಡ್) ವೇಗವನ್ನು 2.488 ಜಿಬಿಪಿಎಸ್ ಎಂದು ನಮೂದಿಸುತ್ತಾರೆ. ಯಾಕೆ ಸರಿಯಾಗಿ ಎರಡೂವರೆ ಅಲ್ಲ ಎಂದು ಯಾರಿಗಾದರೂ ಅನ್ನಿಸಿದ್ದರೆ, ಉತ್ತರ ಫೋನಿನ ಮಾತಿನಲ್ಲಿದೆ.

ಕಿಲೋ ಅಂದರೆ ಸಾವಿರವೋ 1,024ವೋ ಎಂಬ ಜಗಳಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಇಸಿ 1998ರಲ್ಲೇ ಪರಿಹಾರ ಸೂಚಿಸಿತ್ತು: 1,024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರು. ವಿಂಡೋಸ್ ಅದನ್ನು ತೋರಿಕೆಗೆ ತರಲಿಲ್ಲ. ಆಪಲ್ 2009ರಿಂದ ಮ್ಯಾಕ್‌ಗಳಲ್ಲಿ ಸಾವಿರದ ಲೆಕ್ಕಕ್ಕೆ ಬಂತು. ಒಂದು ಟಿಬಿ ಹಾರ್ಡ್ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುವುದು ಈ ಕಾರಣಕ್ಕೆ. ನೆಟ್‌ವರ್ಕಿನ ವೇಗದ ವಿಷಯದಲ್ಲಿ ಇದರ ಪ್ರಭಾವ ಶೇ. 5ರ ಆಸುಪಾಸು, ಎಂಟರ ಮುಂದೆ ಅದು ಸಣ್ಣದು.

ದಿನಕ್ಕೆ ಎರಡು ಜಿಬಿ ಎಂದರೆ

ನಿಜವಾಗಿ ಕಣ್ಣು ತೆರೆಸುವ ಲೆಕ್ಕ ಬೇರೆ ಇದೆ. ಅದು ವೇಗ ಮತ್ತು ಪ್ರಮಾಣದ ನಡುವಿನ ಬದಲಾವಣೆ. ಮೂರು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ಒಂದು ಎಂಬಿಪಿಎಸ್ ಒಂದು ಗಂಟೆ ಹರಿದರೆ 0.45 ಜಿಬಿ. ಒಂದು ದಿನ ಹರಿದರೆ 10.8 ಜಿಬಿ. ಮೂವತ್ತು ದಿನ ಹರಿದರೆ 324 ಜಿಬಿ.

ಈಗ ಮೊಬೈಲ್ ಪ್ಲಾನ್ ನೋಡಿ. ದಿನಕ್ಕೆ 2 ಜಿಬಿ. ಅದನ್ನು 10.8ರಿಂದ ಭಾಗಿಸಿದರೆ 0.185 ಎಂಬಿಪಿಎಸ್, ಅಂದರೆ 185 ಕೆಬಿಪಿಎಸ್. ದಿನಕ್ಕೆ ಒಂದೂವರೆ ಜಿಬಿ ಆದರೆ ಸರಾಸರಿ 139 ಕೆಬಿಪಿಎಸ್. 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಭಾರತ ಸರ್ಕಾರ ಬ್ರಾಡ್‌ಬ್ಯಾಂಡ್ ಎಂದು ಕರೆಯಲು ಇಟ್ಟ ಕನಿಷ್ಠ ಮಿತಿ 256 ಕೆಬಿಪಿಎಸ್. ಯಾರೂ ದಿನದ ಇಪ್ಪತ್ನಾಲ್ಕು ಗಂಟೆ ಫೋನ್ ಉಜ್ಜುತ್ತಾ ಕೂರುವುದಿಲ್ಲ, ನಿಜ. ಹಾಗಾಗಿ ಈ ಸರಾಸರಿಯೊಂದನ್ನೇ ಹಿಡಿದು ಕಂಪನಿಯನ್ನು ದೂರುವುದು ನ್ಯಾಯವಲ್ಲ. ಆದರೆ ಜಾಹೀರಾತಿನಲ್ಲಿ ನೂರಾರು ಎಂಬಿಪಿಎಸ್ ಎಂದು ಕೂಗಿ, ಪ್ಲಾನಿನಲ್ಲಿ ದಿನಕ್ಕಿಷ್ಟು ಎಂದು ಕಟ್ಟು ಹಾಕಿದಾಗ ಎರಡನ್ನೂ ಕೂಡಿಸಿ ನೋಡುವುದು ಗ್ರಾಹಕನ ಹಕ್ಕು. ಒಂದೂವರೆ ಜಿಬಿ ಎಂದರೆ 12 ಗಿಗಾಬಿಟ್. 100 ಎಂಬಿಪಿಎಸ್ ವೇಗದಲ್ಲಿ ಅದು ಖಾಲಿಯಾಗಲು ಬೇಕಾದದ್ದು ಎರಡೇ ನಿಮಿಷ. ಜಾಹೀರಾತಿನ ವೇಗದಲ್ಲೇ ಓಡಿದರೆ ಇಡೀ ದಿನದ ಪಾಲು ಒಂದು ಕಾಫಿ ಕುಡಿದು ಮುಗಿಸುವ ಮೊದಲೇ ಮುಗಿದಿರುತ್ತದೆ. ಎಚ್‌ಡಿ ಸಿನಿಮಾ ನೋಡಲು 5 ಎಂಬಿಪಿಎಸ್ ಬೇಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಆ ಹರಿವಿನಲ್ಲಿ ಗಂಟೆಗೆ 2.25 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಇರುವವರಿಗೆ ನಲವತ್ತು ನಿಮಿಷ.

ದಿನದ ಪಾಲು ಮುಗಿದ ಮೇಲೆ ಏನಾಗುತ್ತದೆ? ಹಲವು ಪ್ರಿಪೇಯ್ಡ್ ಪ್ಲಾನ್‌ಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ: ಆಮೇಲೆ 64 ಕೆಬಿಪಿಎಸ್ ವೇಗದಲ್ಲಿ ಅನ್‌ಲಿಮಿಟೆಡ್. ಕಿತ್ತೂರಿನ ಎಕ್ಸ್‌ಚೇಂಜ್ ಕಾಲದ ಒಂದು ಫೋನ್ ಕರೆಯ ಅಗಲ ಅದು. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 8 ಕಿಲೋಬೈಟ್. 2 ಎಂಬಿ ತೂಕದ ಒಂದು ವೆಬ್ ಪುಟ ತೆರೆಯಲು 250 ಸೆಕೆಂಡ್, ನಾಲ್ಕು ನಿಮಿಷಕ್ಕೂ ಹೆಚ್ಚು. ಅಷ್ಟರೊಳಗೆ ಎಷ್ಟೋ ತಾಣಗಳು ಕಾಯುವುದನ್ನೇ ಬಿಟ್ಟಿರುತ್ತವೆ. ವಾಟ್ಸಾಪಿನ ಬರಹ ಹೋಗುತ್ತದೆ, ಅದೂ ನಿಧಾನಕ್ಕೆ. ಮಕ್ಕಳ ಅಂಕಪಟ್ಟಿಯ ಪಿಡಿಎಫ್ ಇಳಿಸಿಕೊಳ್ಳುವುದು, ಪಹಣಿ ತೆಗೆಯುವುದು, ಫಾರ್ಮಿಗೆ ಫೋಟೋ ಅಪ್‌ಲೋಡ್ ಮಾಡುವುದು ಕಷ್ಟ. "ಅನ್‌ಲಿಮಿಟೆಡ್" ಎಂಬ ಪದಕ್ಕೆ ಇಲ್ಲಿ ಮಿತಿ ಇದೆ, ಅದನ್ನೂ ಲೆಕ್ಕ ಹಾಕಬಹುದು: ಉಳಿದ ಇಡೀ ದಿನ ಒಂದು ಕ್ಷಣವೂ ಬಿಡದೆ ಹರಿದರೂ ಹೆಚ್ಚೆಂದರೆ 0.69 ಜಿಬಿ.

ಫೈಬರಿಗೂ ಇದೇ ಲೆಕ್ಕ ಹಾಕೋಣ. ಹಲವು ಮನೆ ಪ್ಲಾನ್‌ಗಳಿಗೆ ತಿಂಗಳಿಗೆ 3,300 ಜಿಬಿಯ ಮಿತಿ ಇದೆ. 324ರಿಂದ ಭಾಗಿಸಿದರೆ ಸರಾಸರಿ 10.2 ಎಂಬಿಪಿಎಸ್. ಸಾಮಾನ್ಯ ಕುಟುಂಬಕ್ಕೆ ಇದು ಧಾರಾಳ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬೆಲೆಗಳನ್ನು ಹೋಲಿಸುವಾಗ ಈ ಸಂಖ್ಯೆ ಬೇಕಾಗುತ್ತದೆ. 100 ಎಂಬಿಪಿಎಸ್ ಪ್ಲಾನಿಗೂ 1 ಜಿಬಿಪಿಎಸ್ ಪ್ಲಾನಿಗೂ ಮಿತಿ ಅಷ್ಟೇ ಇದ್ದರೆ, ಹತ್ತು ಪಟ್ಟು ವೇಗಕ್ಕೆ ಕೊಡುವ ಹೆಚ್ಚಿನ ದುಡ್ಡಿಗೆ ತಿಂಗಳ ಕೊನೆಯಲ್ಲಿ ಒಂದು ಬೈಟ್ ಕೂಡ ಹೆಚ್ಚು ಸಿಗುವುದಿಲ್ಲ. ಪೂರ್ಣ ವೇಗದಲ್ಲಿ ಬಳಸಿದರೆ ಮೊದಲನೆಯದು ಮೂರು ದಿನದಲ್ಲಿ, ಎರಡನೆಯದು ಏಳೂವರೆ ಗಂಟೆಯೊಳಗೆ ಮಿತಿ ಮುಟ್ಟುತ್ತದೆ.

ಮಿತಿ ಮುಟ್ಟಿದ ಮೇಲೆ ವೇಗ ಎಷ್ಟಕ್ಕೆ ಇಳಿಸಬಹುದು ಎಂಬ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2016ರಲ್ಲಿ ಮನೆ ಬ್ರಾಡ್‌ಬ್ಯಾಂಡಿಗೆ ಒಂದು ತಳ ಕಟ್ಟಿತು: 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಸುವಂತಿಲ್ಲ. 64 ಕಿಲೋಬೈಟ್ ಸೆಕೆಂಡಿಗೆ. ಆಗ ಬ್ರಾಡ್‌ಬ್ಯಾಂಡಿನ ವ್ಯಾಖ್ಯೆಯೂ 512 ಕೆಬಿಪಿಎಸ್ಸೇ ಆಗಿತ್ತು. 2023ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆ ಆ ವ್ಯಾಖ್ಯೆಯನ್ನು 2 ಎಂಬಿಪಿಎಸ್‌ಗೆ ಏರಿಸಿತು. ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ ಮರುವರ್ಷ, 2024ರ ಮಾರ್ಚ್‌ನಲ್ಲಿ, ತನ್ನ ವ್ಯಾಖ್ಯೆಯನ್ನು ಇಳಿಮುಖ 100, ಏರುಮುಖ (ಅಪ್‌ಲೋಡ್) 20 ಎಂಬಿಪಿಎಸ್‌ಗೆ ಒಯ್ದಿತು. ಎರಡು ದೇಶಗಳ ಜೇಬು ಬೇರೆ, ಅಗತ್ಯವೂ ಬೇರೆ. ಆದರೂ ಒಂದು ಮಾತು ಹೇಳಲೇಬೇಕು: 2 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 250 ಕಿಲೋಬೈಟ್. ನೆಟ್‌ಫ್ಲಿಕ್ಸ್ 720ಪಿ ಗುಣಮಟ್ಟಕ್ಕೆ ಕೇಳುವ 3 ಎಂಬಿಪಿಎಸ್‌ಗೂ ಅದು ಸಾಲದು. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳು ಏಕಕಾಲಕ್ಕೆ ವಿಡಿಯೋ ಪಾಠ ಕೇಳುವುದಾದರೆ ಆ ವ್ಯಾಖ್ಯೆ ಕಾಗದದ ಮೇಲಷ್ಟೇ ಉಳಿಯುತ್ತದೆ.

ಪಂಚಾಯಿತಿಗೆ ಬಂದ ನೂರು

ಹಳ್ಳಿಗಳಿಗೆ ಫೈಬರ್ ಒಯ್ಯುವ ಕೇಂದ್ರ ಸರ್ಕಾರದ ಭಾರತ್‌ನೆಟ್ ಯೋಜನೆ ಶುರುವಾದದ್ದು 2011ರಲ್ಲಿ, ಬೇರೆ ಹೆಸರಿನಲ್ಲಿ. ಗುರಿ: ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ತಲಾ 100 ಎಂಬಿಪಿಎಸ್. ಒಂದು ಮನೆಗೆ 100 ಎಂದರೆ ಸಮೃದ್ಧಿ. ಒಂದು ಪಂಚಾಯಿತಿಗೆ 100 ಎಂದರೆ? ಐವತ್ತು ಜನ ಒಟ್ಟಿಗೆ ಬಳಸಿದರೆ ತಲೆಗೆ 2 ಎಂಬಿಪಿಎಸ್, ಅಲ್ಲಿಗೆ ಬ್ರಾಡ್‌ಬ್ಯಾಂಡಿನ ಸರ್ಕಾರಿ ವ್ಯಾಖ್ಯೆಯ ಕೊನೆಯ ಮೆಟ್ಟಿಲು. ಐವತ್ತೊಂದನೆಯವರು ಬಂದರೆ ಯಾರಿಗೂ ಬ್ರಾಡ್‌ಬ್ಯಾಂಡ್ ಇಲ್ಲ. ನಾಲ್ಕಾರು ಹಳ್ಳಿ, ಸಾವಿರಾರು ಜನ ಇರುವ ಪಂಚಾಯಿತಿಯಲ್ಲಿ ಶಾಲೆ, ಆರೋಗ್ಯ ಕೇಂದ್ರ, ಅಂಚೆ ಕಚೇರಿ, ಪಂಚಾಯಿತಿ ಕಚೇರಿಗಳಿಗೇ ಅದು ಹಂಚಿ ಹೋಗುತ್ತದೆ.

ಎಲ್ಲರೂ ಒಂದೇ ಕ್ಷಣದಲ್ಲಿ ಬಳಸುವುದಿಲ್ಲ ಎಂಬ ಭರವಸೆಯ ಮೇಲೆಯೇ ಯಾವ ಜಾಲವೂ ನಡೆಯುವುದು. ಪೇಟೆಯ ಫೈಬರಿನದೂ ಅದೇ ಕಥೆ. ಮೇಲೆ ಹೇಳಿದ 2.488 ಜಿಬಿಪಿಎಸ್‌ನ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಕವಲೊಡೆಸುತ್ತಾರೆ. 64 ಮನೆಗೆ ತಲಾ 100 ಎಂಬಿಪಿಎಸ್ ಮಾರಿದರೆ ಮಾರಿದ್ದು 6.4 ಜಿಬಿಪಿಎಸ್, ಇರುವುದು 2.488. ಎಲ್ಲರೂ ಒಟ್ಟಿಗೆ ಎಳೆದರೆ ತಲಾ 38.9. ರಾತ್ರಿ ಊಟ ಮುಗಿದ ಹೊತ್ತಿಗೆ, ಅಥವಾ ಕ್ರಿಕೆಟ್ ಫೈನಲ್ ದಿನ, ವೇಗ ಬೀಳುವುದಕ್ಕೆ ಇದು ಒಂದು ಕಾರಣ. ಇದು ಎಂಜಿನಿಯರಿಂಗ್‌ನ ಸಹಜ ಉಳಿತಾಯ, ಅಪರಾಧವಲ್ಲ. ಆದರೆ ಪೇಟೆಯಲ್ಲಿ ಒಬ್ಬ ಸರಿ ಕೊಡದಿದ್ದರೆ ಇನ್ನೊಬ್ಬನ ಲೈನ್ ಎಳೆಸಬಹುದು. ಹಳ್ಳಿಯಲ್ಲಿ ಆ ಆಯ್ಕೆ ಇರುವುದಿಲ್ಲ. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ತರಗತಿಗೆ ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಕೂತದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಊರುಗಳ ಪಾಲಿಗೆ "ಪಂಚಾಯಿತಿಗೆ ಸಂಪರ್ಕ ಕೊಡಲಾಗಿದೆ" ಎಂಬ ವರದಿಯ ಸಾಲಿಗಿಂತ, ಸಂಜೆ ಏಳು ಗಂಟೆಗೆ ಒಂದು ಮನೆಗೆ ಎಷ್ಟು ಕಿಲೋಬೈಟ್ ತಲುಪುತ್ತದೆ ಎಂಬುದು ಮುಖ್ಯ.

2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ 2020ಕ್ಕೆ ಪ್ರತಿ ಪಂಚಾಯಿತಿಗೆ 1 ಜಿಬಿಪಿಎಸ್, 2022ಕ್ಕೆ 10 ಜಿಬಿಪಿಎಸ್ ಎಂದು ಬರೆದುಕೊಂಡಿತು. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಭಾರತ್‌ನೆಟ್‌ನ ತಿದ್ದುಪಡಿಯಾದ ಯೋಜನೆಗೆ 1.39 ಲಕ್ಷ ಕೋಟಿ ರೂಪಾಯಿ ಮಂಜೂರು ಮಾಡಿತು. ಇಷ್ಟು ದೊಡ್ಡ ಮೊತ್ತದ ಕೆಲಸವನ್ನು ಪಂಚಾಯಿತಿಗಳ ಸಂಖ್ಯೆಯಿಂದಲೋ ಎಳೆದ ಕೇಬಲಿನ ಕಿಲೋಮೀಟರಿನಿಂದಲೋ ಅಳೆಯುವುದು ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ತಲುಪಿದ ವೇಗವನ್ನು, ಬಳಸುವ ತಲೆಗಳಿಂದ ಭಾಗಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಬೇಕು.

ಬಿಲ್ಲಿನಲ್ಲಿ ಏನಿರಬೇಕು

ಪೆಟ್ರೋಲ್ ಬಂಕಿನಲ್ಲಿ ಅಳತೆಯ ಮೇಲೆ ಅನುಮಾನ ಬಂದರೆ ಐದು ಲೀಟರಿನ ಮುದ್ರೆ ಹಾಕಿದ ಪಾತ್ರೆ ತರಿಸಿ ಅಳೆದು ತೋರಿಸಿ ಎಂದು ಕೇಳುವ ಹಕ್ಕು ನಮಗಿದೆ. ಇಂಟರ್ನೆಟ್ಟಿಗೆ ಅಂಥ ಪಾತ್ರೆ ಇನ್ನೂ ಸರಿಯಾಗಿ ಸಿಕ್ಕಿಲ್ಲ. ಟ್ರಾಯ್ 2016ರಲ್ಲಿ ಮೈಸ್ಪೀಡ್ ಎಂಬ ಆ್ಯಪ್ ತಂದಿತು, ಅದು ಒಳ್ಳೆಯ ಹೆಜ್ಜೆ. 2024ರ ಅಕ್ಟೋಬರಿನಿಂದ ಜಾರಿಗೆ ಬಂದ ಸೇವಾ ಗುಣಮಟ್ಟದ ನಿಯಮಗಳು ಮೊಬೈಲ್ ಕಂಪನಿಗಳು ಎಲ್ಲೆಲ್ಲಿ ಯಾವ ಸೇವೆ ಸಿಗುತ್ತದೆ ಎಂಬ ನಕ್ಷೆಯನ್ನು ತಮ್ಮ ತಾಣದಲ್ಲಿ ಹಾಕಬೇಕೆಂದವು. ಆದರೂ ಮಾರುವ ಜಾಗದಲ್ಲಿ, ಬಿಲ್ಲಿನ ಮೇಲೆ, "ವರೆಗೆ" ಎಂಬ ಪದ ಹಾಗೇ ಕೂತಿದೆ. 100 ಎಂಬಿಪಿಎಸ್ ವರೆಗೆ. ವರೆಗೆ ಎಂದಮೇಲೆ ಹತ್ತೂ ಅದರೊಳಗೇ ಬಂತು.

ಬ್ರಿಟನ್ನಿನ ಜಾಹೀರಾತು ನಿಯಂತ್ರಕರು 2018ರ ಮೇ ತಿಂಗಳಿನಿಂದ ಈ "ವರೆಗೆ"ಯನ್ನು ಬದಲಿಸಿದರು. ಸಂಜೆ 8ರಿಂದ 10ರ ದಟ್ಟಣೆಯ ಹೊತ್ತಿನಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವನ್ನಷ್ಟೇ ಜಾಹೀರಾತಿನಲ್ಲಿ ಹೇಳಬಹುದು. ಅಮೆರಿಕದಲ್ಲಿ 2024ರ ಏಪ್ರಿಲಿನಿಂದ ದೊಡ್ಡ ಕಂಪನಿಗಳು, ಅಕ್ಟೋಬರಿನಿಂದ ಚಿಕ್ಕವೂ, ಪ್ರತಿ ಪ್ಲಾನಿಗೆ ಒಂದು ಲೇಬಲ್ ತೋರಿಸಬೇಕು. ಬಿಸ್ಕತ್ ಪ್ಯಾಕಿನ ಹಿಂದೆ ಇರುವ ಪೋಷಕಾಂಶ ಪಟ್ಟಿಯ ಮಾದರಿಯಲ್ಲೇ ಅದನ್ನು ರೂಪಿಸಿದ್ದಾರೆ: ಬೆಲೆ, ಸಾಮಾನ್ಯವಾಗಿ ಸಿಗುವ ಇಳಿಮುಖ ವೇಗ, ಏರುಮುಖ ವೇಗ, ವಿಳಂಬ, ಎಷ್ಟು ಡೇಟಾ ಒಳಗೊಂಡಿದೆ ಎಂಬುದು.

ನಮ್ಮಲ್ಲೂ ಇಂಥ ಪಟ್ಟಿ ಬರಬೇಕು, ಇನ್ನೂ ಎರಡು ಸಾಲು ಸೇರಿಸಿಕೊಂಡು, ಗ್ರಾಹಕನ ಭಾಷೆಯಲ್ಲಿ. ಮೊದಲನೆಯದು, ವೇಗವನ್ನು ಮೆಗಾಬಿಟ್ಟಿನ ಪಕ್ಕದಲ್ಲೇ ಮೆಗಾಬೈಟಿನಲ್ಲೂ ಬರೆಯುವುದು: "ಸೆಕೆಂಡಿಗೆ 100 ಮೆಗಾಬಿಟ್, ಫೈಲ್ ಇಳಿಸುವಾಗ ಸುಮಾರು 11ರಿಂದ 12 ಮೆಗಾಬೈಟ್." ಎರಡನೆಯದು, ಡೇಟಾ ಮಿತಿ ಇದ್ದರೆ ಪೂರ್ಣ ವೇಗದಲ್ಲಿ ಅದು ಎಷ್ಟು ಹೊತ್ತು ಬರುತ್ತದೆ, ಆಮೇಲೆ ವೇಗ ಎಷ್ಟು, ಆ ವೇಗದಲ್ಲಿ ಏನು ಮಾಡಬಹುದು ಎಂಬುದು. ಏರುಮುಖ ವೇಗವನ್ನಂತೂ ಬಿಡಲೇಬಾರದು. ಮನೆಯಿಂದ ಕೆಲಸ ಮಾಡುವವರು, ವಿಡಿಯೋ ಕರೆಯಲ್ಲಿ ಊರಿನ ವೈದ್ಯರಿಗೆ ವರದಿ ತೋರಿಸುವವರು, ಯೂಟ್ಯೂಬಿಗೆ ವಿಡಿಯೋ ಹಾಕುವ ಹಳ್ಳಿಯ ಹುಡುಗರು ನಂಬಿಕೊಂಡಿರುವುದು ಅದನ್ನೇ. ಜಿ-ಪಾನ್‌ನಲ್ಲಿ ಅದು ಇಳಿಮುಖದ ಅರ್ಧ, 1.244 ಜಿಬಿಪಿಎಸ್, ಅದೂ ಎಲ್ಲ ಮನೆಗಳಿಗೆ ಹಂಚಿ.

ಅಲ್ಲಿಯವರೆಗೆ ದೂರು ಕೊಡುವವರು ಅಂದಾಜಿನ ಮಾತು ಬಿಟ್ಟು ಲೆಕ್ಕ ಇಟ್ಟು ಮಾತಾಡಿದರೆ ಬೇಗ ಫಲ ಸಿಗುತ್ತದೆ. ವೈಫೈ ಬಿಟ್ಟು ಕೇಬಲ್ ಸಿಕ್ಕಿಸಿ, ಬೇರೆ ಯಾವ ಡೌನ್‌ಲೋಡೂ ನಡೆಯದಿರುವಾಗ, ಬೆಳಗ್ಗೆ ಒಮ್ಮೆ ರಾತ್ರಿ ಒಮ್ಮೆ ಟೆಸ್ಟ್ ಮಾಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಜೊತೆಗೆ ಒಂದು ದೊಡ್ಡ ಫೈಲನ್ನು ನಿಜವಾಗಿ ಇಳಿಸಿ, ಗಾತ್ರವನ್ನು ಸೆಕೆಂಡುಗಳಿಂದ ಭಾಗಿಸಿ, ಎಂಟರಿಂದ ಗುಣಿಸಿ. ಸ್ಪೀಡ್ ಟೆಸ್ಟಿನ ಸರ್ವರ್ ಎಷ್ಟೋ ಸಲ ಕಂಪನಿಯ ಜಾಲದ ಒಳಗೇ ಇರುತ್ತದೆ. ಫೈಲ್ ಬರುವುದು ಹೊರಗಿನಿಂದ. ಎರಡರ ನಡುವೆ ದೊಡ್ಡ ಅಂತರ ಕಂಡರೆ ತೊಂದರೆ ಇರುವುದು ನಿಮ್ಮ ಮನೆಯ ಲೈನಿನಲ್ಲಿ ಅಲ್ಲ, ಕಂಪನಿ ಹೊರಜಗತ್ತಿಗೆ ಕೊಂಡ ದಾರಿ ಇಕ್ಕಟ್ಟಾಗಿರಬಹುದು, ಅಥವಾ ಫೈಲ್ ಕೊಡುವವರ ಸರ್ವರೇ ನಿಧಾನವಿರಬಹುದು. ಬೇರೆ ಬೇರೆ ತಾಣಗಳಿಂದ ಇಳಿಸಿ ನೋಡಿದರೆ ಅದೂ ಬಿಡಿಸಿಕೊಳ್ಳುತ್ತದೆ.

ಟ್ರಾಯ್ ಯಾವುದೇ ನಿಯಮ ಮಾಡುವ ಮೊದಲು ಸಮಾಲೋಚನಾ ಪತ್ರ ಹೊರಡಿಸುತ್ತದೆ. ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು, ಬಂದದ್ದನ್ನು ಅದು ತನ್ನ ತಾಣದಲ್ಲಿ ಪ್ರಕಟಿಸುತ್ತದೆ. ಅಲ್ಲಿ ತೆರೆದು ನೋಡಿದರೆ ಕಂಪನಿಗಳ ಉದ್ದುದ್ದ ಪತ್ರಗಳು ಕಾಣುತ್ತವೆ, ಗ್ರಾಹಕ ಸಂಘಟನೆಗಳದೂ ಕೆಲವು ಸಿಗುತ್ತವೆ. ಮುಂದಿನ ಸಲ ಬ್ರಾಡ್‌ಬ್ಯಾಂಡಿನ ಗುಣಮಟ್ಟದ ಪತ್ರ ಬಂದಾಗ ಬಳ್ಳಾರಿಯಿಂದ, ಸಾಗರದಿಂದ, ಬೀದರಿನಿಂದ ಜನ ತಮ್ಮ ಲೈನಿನ ಅಳತೆ ಹಿಡಿದು ಬರೆಯಲಿ. ರಾತ್ರಿ ಒಂಬತ್ತಕ್ಕೆ ಎಷ್ಟು ಮೆಗಾಬೈಟ್ ಬಂತು, ಬಿಲ್ಲಿನಲ್ಲಿ ಎಷ್ಟು ಮೆಗಾಬಿಟ್ ಎಂದು ಬರೆದಿತ್ತು, ಎಂಟರಿಂದ ಗುಣಿಸಿದಾಗ ಎಷ್ಟು ಕಡಿಮೆ ಬಿತ್ತು ಎಂದು.